ತಂದೆಯ ಕ್ಷೇತ್ರ ಸಿಕ್ಕಿತು, ತಂದೆಯ ದಾರಿ ಸಿಗಲಿಲ್ಲ: ಶಿಂಜಿರೊ ಕೊಯಿಜುಮಿ ಸೋಲಿನ ಒಳಲೆಕ್ಕ

2025ರ ಅಕ್ಟೋಬರ್ 4ರಂದು ಜಪಾನಿನ ಆಳುವ ಪಕ್ಷ ಲಿಬರಲ್ ಡೆಮಾಕ್ರಟಿಕ್ ಪಾರ್ಟಿ (ಎಲ್‌ಡಿಪಿ) ಹೊಸ ಅಧ್ಯಕ್ಷರನ್ನು ಆರಿಸಿತು. ಕಣದಲ್ಲಿ ಐವರಿದ್ದರು, ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಒಬ್ಬರು ಶಿಂಜಿರೊ ಕೊಯಿಜುಮಿ. 44 ವರ್ಷ, ಮಾಜಿ ಪ್ರಧಾನಿಯ ಮಗ, ಮನೆತನದ ನಾಲ್ಕನೇ ತಲೆಮಾರಿನ ಸಂಸದ. ಇನ್ನೊಬ್ಬರು ಸನಾಯೆ ತಕಾಯಿಚಿ. 64 ವರ್ಷ, ನಾರಾ ಪ್ರಾಂತ್ಯದವರು, ತಂದೆ ಖಾಸಗಿ ಕಂಪನಿಯ ನೌಕರ, ತಾಯಿ ಪೊಲೀಸ್ ಇಲಾಖೆಯಲ್ಲಿ ದುಡಿದವರು. ಮನೆಯಲ್ಲಿ ಅವರಿಗಿಂತ ಮೊದಲು ರಾಜಕೀಯಕ್ಕೆ ಕಾಲಿಟ್ಟವರಿಲ್ಲ. 185 ಮತ ಪಡೆದು ತಕಾಯಿಚಿ ಗೆದ್ದರು. ಕೊಯಿಜುಮಿಗೆ 156 ಬಂತು. ಹದಿನೇಳು ದಿನ ಕಳೆಯುವಷ್ಟರಲ್ಲಿ ಜಪಾನ್ ತನ್ನ ಮೊದಲ ಮಹಿಳಾ ಪ್ರಧಾನಿಯನ್ನು ಕಂಡಿತು.

ಸುದ್ದಿ ಅಷ್ಟಕ್ಕೇ ನಿಂತಿತು. ಆದರೆ ಆ ಮತಗಳನ್ನು ಬಿಡಿಸಿ ನೋಡಿದರೆ ಕಾಣುವುದು ಬೇರೆಯೇ. ಮೊದಲ ಸುತ್ತಿನಲ್ಲಿ ಪಕ್ಷದ ಸಂಸದರಿಗೆ 295 ಮತ, ದೇಶದ ಉದ್ದಗಲಕ್ಕೂ ಹರಡಿರುವ ಸುಮಾರು 9 ಲಕ್ಷ ಸಾಮಾನ್ಯ ಸದಸ್ಯರಿಗೆ ಸೇರಿ ಇನ್ನೊಂದು 295 ಮತ. ಸಂಸದರ ಮತಗಳಲ್ಲಿ ಮುಂದಿದ್ದವರು ಕೊಯಿಜುಮಿಯೇ: ಅವರಿಗೆ 80, ತಕಾಯಿಚಿಗೆ 64. ಸಾಮಾನ್ಯ ಸದಸ್ಯರ ಪಾಲಿನಲ್ಲಿ ತಕಾಯಿಚಿಗೆ 119, ಕೊಯಿಜುಮಿಗೆ 84. ಎರಡನೇ ಸುತ್ತಿನಲ್ಲಿ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಮತ. 47 ಪ್ರಾಂತ್ಯಗಳಲ್ಲಿ 36 ತಕಾಯಿಚಿ ಕಡೆ ಹೋದವು, 11 ಮಾತ್ರ ಕೊಯಿಜುಮಿಗೆ. ಊರಿನವರ ಮನಸ್ಸು ಯಾವ ಕಡೆ ಎಂದು ತಿಳಿದ ಮೇಲೆ ಸಂಸದರೂ ಆ ಕಡೆ ವಾಲಿದರು. ಅಲ್ಲಿಯೂ ತಕಾಯಿಚಿ 149, ಕೊಯಿಜುಮಿ 145.

ಈಗ 24 ವರ್ಷ ಹಿಂದಿನ ಇನ್ನೊಂದು ಚುನಾವಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 2001ರ ಏಪ್ರಿಲ್. ಅದೇ ಪಕ್ಷ, ಅದೇ ಹುದ್ದೆ. ಒಳಗಿನವರ ಲೆಕ್ಕದಲ್ಲಿ ಗೆಲ್ಲಬೇಕಾಗಿದ್ದವರು ಮಾಜಿ ಪ್ರಧಾನಿ ರ್ಯೂತಾರೊ ಹಾಶಿಮೊತೊ. ಪಕ್ಷದ ಅತಿ ದೊಡ್ಡ ಬಣ ಅವರ ಬೆನ್ನಿಗಿತ್ತು. ಎದುರಿಗೆ ನಿಂತವರು ಅದಕ್ಕೂ ಮುಂಚೆ ಎರಡು ಸಲ, 1995 ಮತ್ತು 1998ರಲ್ಲಿ, ಇದೇ ಹುದ್ದೆಗೆ ಸ್ಪರ್ಧಿಸಿ ಸೋತಿದ್ದ ಜುನ್‌ಇಚಿರೊ ಕೊಯಿಜುಮಿ, ಶಿಂಜಿರೊ ಅವರ ತಂದೆ. ಬಣಗಳ ಬಾಗಿಲು ತಟ್ಟುವುದನ್ನು ಬಿಟ್ಟು ಬೀದಿಗಿಳಿದು, ಈ ಎಲ್‌ಡಿಪಿಯನ್ನೇ ಒಡೆದು ಹಾಕುತ್ತೇನೆ ಎಂದರು. ಪ್ರಾಂತ್ಯಗಳ ಸದಸ್ಯರಿಗಿದ್ದ 141 ಮತಗಳಲ್ಲಿ 123 ಅವರ ಬುಟ್ಟಿಗೆ ಬಿದ್ದವು. ಆ ಅಲೆಯ ಎದುರು ಸಂಸದರು ನಿಲ್ಲಲಾಗಲಿಲ್ಲ. ಒಟ್ಟು ಮತ 298, ಹಾಶಿಮೊತೊಗೆ 155.

ಅಪ್ಪ ಹೊರಗಿನಿಂದ ನುಗ್ಗಿ ಒಳಗಿನವರನ್ನು ಮಣಿಸಿದರು. ಒಳಗಿನವರಿಗೆ ಬೇಕಾಗಿದ್ದ ಮಗ ಹೊರಗಿನವರ ಕೈಯಲ್ಲಿ ಸೋತರು. 2001ರಲ್ಲಿ ಹಾಶಿಮೊತೊ ನಿಂತಿದ್ದ ಜಾಗದಲ್ಲಿ 2025ರಲ್ಲಿ ಕೊಯಿಜುಮಿಯ ಮಗ ನಿಂತಿದ್ದರು. ಕುಟುಂಬ ರಾಜಕಾರಣದ ಬಗ್ಗೆ ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ‘ಅಪ್ಪನ ಹೆಸರಿನಿಂದ ಎಲ್ಲ ಸಿಗುತ್ತದೆ’ ಎಂಬಲ್ಲಿಗೇ ಮುಗಿಯುತ್ತವೆ. ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ಈ ಮನೆತನದಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ಹಚ್ಚೆ ಮಂತ್ರಿಯ ಮನೆ

ಟೋಕಿಯೊ ಕೊಲ್ಲಿಯ ಬಾಯಲ್ಲಿ ಯೊಕೊಸುಕಾ ಎಂಬ ಬಂದರು ಊರಿದೆ. 1865ರಲ್ಲಿ ಫ್ರೆಂಚ್ ಎಂಜಿನಿಯರ್‌ಗಳ ನೆರವಿನಿಂದ ಅಲ್ಲಿ ಹಡಗು ಕಟ್ಟುವ ಕಾರ್ಖಾನೆಯ ಕೆಲಸ ಶುರುವಾಯಿತು. ಅದೇ ವರ್ಷ ಹುಟ್ಟಿದವರು ಮತಾಜಿರೊ ಕೊಯಿಜುಮಿ, ಶಿಂಜಿರೊ ಅವರ ಮುತ್ತಜ್ಜ. ಅವರ ಮನೆಯವರದು ನೌಕಾಪಡೆಯ ಕಾಮಗಾರಿಗಳಿಗೆ ಆಳು ಒದಗಿಸುವ ಮೇಸ್ತ್ರಿ ಕೆಲಸ. ಆ ಕಸುಬಿನವರಂತೆ ಮತಾಜಿರೊ ಮೈಮೇಲೂ ಹಚ್ಚೆ. 1908ರಲ್ಲಿ ಸಂಸತ್ತಿಗೆ ಆರಿಸಿ ಬಂದ ಅವರು 1929ರಲ್ಲಿ ಪ್ರಧಾನಿ ಹಮಾಗುಚಿ ಅವರ ಸಂಪುಟದಲ್ಲಿ ಅಂಚೆ, ತಂತಿಗಳನ್ನು ನೋಡಿಕೊಳ್ಳುವ ಸಂಪರ್ಕ ಖಾತೆಯ ಮಂತ್ರಿಯಾದರು. ಜನ ಅವರನ್ನು ‘ಇರೆಜುಮಿ ದೈಜಿನ್’ ಎಂದು ಕರೆದರು, ಅಂದರೆ ಹಚ್ಚೆ ಮಂತ್ರಿ.

ಅವರ ಬಗ್ಗೆ ಹಚ್ಚೆಗಿಂತ ಮುಖ್ಯವಾದ ಸಂಗತಿ ಒಂದಿದೆ. ಆಗಿನ ಜಪಾನಿನಲ್ಲಿ ನಿಗದಿಯಾದಷ್ಟು ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತದ ಹಕ್ಕು. ಆ ಬೇಲಿ ಕಿತ್ತುಹಾಕಿ ಎಲ್ಲ ಗಂಡಸರಿಗೂ ಹಕ್ಕು ಕೊಡಿ ಎಂದು ನಡೆದ ಚಳವಳಿಯಲ್ಲಿ ಮತಾಜಿರೊ ಮುಂದಿನ ಸಾಲಿನಲ್ಲಿದ್ದರು. 1925ರಲ್ಲಿ ಕಾನೂನು ಬಂತು. ಕೂಲಿಕಾರರ ನಡುವೆ ಬೆಳೆದು, ಕೂಲಿಕಾರರಿಗೂ ಮತ ಬೇಕೆಂದು ಕೇಳಿದವರು ಅವರು. ಇಂದು ‘ರಾಜಮನೆತನ’ ಎಂಬಂತೆ ಮಾತಾಡುವ ಮನೆ ಶುರುವಾದದ್ದು ಹೀಗೆ.

ಮತಾಜಿರೊ ನಂತರ ಮನೆತನ ಮುಂದುವರಿದದ್ದು ಮಗಳು ಯೊಶಿಯೆ ಮೂಲಕ. ಆಕೆ ಮದುವೆಯಾದದ್ದು ದಕ್ಷಿಣದ ಕಾಗೊಶಿಮಾದಿಂದ ಬಂದ ಜುನ್ಯಾ ಎಂಬ ಯುವಕನನ್ನು. ಸಮೆಜಿಮಾ ಎಂಬ ತನ್ನ ಮನೆ ಹೆಸರು ಬಿಟ್ಟು ಕೊಯಿಜುಮಿ ಎಂಬ ಹೆಸರು ತೆಗೆದುಕೊಂಡು ಜುನ್ಯಾ ಮನೆ ಅಳಿಯನಾದರು. ಮುಂದೆ ಮಾವನ ಊರಿನ ರಾಜಕೀಯವನ್ನೂ ವಹಿಸಿಕೊಂಡರು. 1964ರಲ್ಲಿ ರಕ್ಷಣಾ ಸಂಸ್ಥೆಯ ಮುಖ್ಯಸ್ಥರಾದರು. ಆಗ ಜಪಾನಿನಲ್ಲಿ ರಕ್ಷಣೆಗೆ ಪ್ರತ್ಯೇಕ ಸಚಿವಾಲಯ ಇರಲಿಲ್ಲ, ಆ ಹುದ್ದೆಯೇ ಇಂದಿನ ರಕ್ಷಣಾ ಮಂತ್ರಿಗೆ ಸಮ.

1969ರಲ್ಲಿ ಜುನ್ಯಾ ತೀರಿಕೊಂಡಾಗ ಮಗ ಜುನ್‌ಇಚಿರೊ ಲಂಡನ್ನಿನಲ್ಲಿ ಓದುತ್ತಿದ್ದರು. ಊರಿಗೆ ಬಂದು ಅಪ್ಪನ ಜಾಗಕ್ಕೆ ನಿಂತರು, ಸೋತರು. ಮೂರು ವರ್ಷ, ಮುಂದೆ ಪ್ರಧಾನಿಯಾದ ತಾಕೆಯೊ ಫುಕುದಾ ಅವರ ಬಳಿ ಕಾರ್ಯದರ್ಶಿಯಾಗಿ ದುಡಿದು 1972ರಲ್ಲಿ ಗೆದ್ದರು. ಈ ಸೋಲು ನೆನಪಿಡಬೇಕಾದದ್ದು. ಮನೆತನದ ಹೆಸರಿದ್ದರೂ ಜನ ಒಮ್ಮೆ ಬಾಗಿಲು ಮುಚ್ಚಿದ್ದನ್ನು ಅಪ್ಪ ಕಂಡಿದ್ದರು. ಮಗ ತನ್ನ ಕ್ಷೇತ್ರದಲ್ಲಿ ಅದನ್ನು ಕಾಣಲೇ ಇಲ್ಲ.

ಈ ಮನೆಯ ಹೆಂಗಸರ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆಯ ಕೊನೆಗೆ ಅದು ಬೇಕಾಗುತ್ತದೆ. ವಂಶ ಮುಂದುವರಿದದ್ದು ಯೊಶಿಯೆಯಿಂದ, ಕ್ಷೇತ್ರ ಹೋದದ್ದು ಅಳಿಯನಿಗೆ. ಜುನ್‌ಇಚಿರೊ ಅವರ ಅಕ್ಕ ನೊಬುಕೊ ತಮ್ಮನ ಕಚೇರಿಯನ್ನು ಹತ್ತಾರು ವರ್ಷ ನಡೆಸಿದರು. 1982ರಲ್ಲಿ ಜುನ್‌ಇಚಿರೊ ವಿಚ್ಛೇದನ ಪಡೆದಾಗ ಶಿಂಜಿರೊಗೆ ಒಂದು ವರ್ಷ. ಅವರನ್ನೂ ಅಣ್ಣ ಕೊತಾರೊ ಅವರನ್ನೂ ಸಾಕಿ ಬೆಳೆಸಿದ್ದು ಇನ್ನೊಬ್ಬ ಸೋದರತ್ತೆ ಮಿಚಿಕೊ. ಸೋದರತ್ತೆಯನ್ನೇ ಹೆತ್ತ ತಾಯಿ ಎಂದು ಶಿಂಜಿರೊ ಬಾಲ್ಯವೆಲ್ಲ ನಂಬಿದ್ದರು. ಮನೆ ಕಟ್ಟಿದ, ಕಚೇರಿ ನಡೆಸಿದ, ಮಕ್ಕಳನ್ನು ಸಾಕಿದ ಈ ಹೆಂಗಸರಲ್ಲಿ ಒಬ್ಬರ ಹೆಸರೂ ಮತಚೀಟಿಯ ಮೇಲೆ ಬರಲಿಲ್ಲ. ತಂದೆಯ ಕ್ಷೇತ್ರ ಪಡೆದ ಹೆಣ್ಣುಮಕ್ಕಳು ಜಪಾನಿನಲ್ಲಿ ಇಲ್ಲವೆಂದಲ್ಲ. ಪ್ರಧಾನಿಯಾಗಿದ್ದ ಕೆಯ್‌ಜೊ ಒಬುಚಿ ಅವರ ಮಗಳು ಯೂಕೊ 2000ದಲ್ಲಿ 26ರ ವಯಸ್ಸಿಗೆ ಸಂಸದೆಯಾದರು. ಆದರೂ ಒಟ್ಟು ಲೆಕ್ಕ ನೋಡಿ: 2024ರ ಚುನಾವಣೆಯಲ್ಲಿ ಕೆಳಮನೆಯ 465 ಸ್ಥಾನಗಳಲ್ಲಿ ಮಹಿಳೆಯರಿಗೆ ಸಿಕ್ಕಿದ್ದು 73, ಮತ್ತು ಅದೇ ಅಲ್ಲಿಯವರೆಗಿನ ದಾಖಲೆ.

ಪೆನ್ಸಿಲ್ ಹಿಡಿದು ಹೆಸರು ಬರೆಯುವ ದೇಶ

ಜಪಾನಿನಲ್ಲಿ ವಂಶದ ರಾಜಕಾರಣ ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದ್ದೇಕೆ? ಸಂಸ್ಕೃತಿ, ಹಿರಿಯರ ಮೇಲಿನ ಗೌರವ ಎಂದೆಲ್ಲ ಹೇಳುವವರಿದ್ದಾರೆ. ನನಗೆ ಆ ಉತ್ತರ ಸಾಲದು. ಮತಗಟ್ಟೆಯ ಒಳಗೆ ಹೋಗಿ ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒತ್ತಲು ಗುಂಡಿಯಿಲ್ಲ, ಮುದ್ರೆ ಹಾಕಲು ಚಿಹ್ನೆಯಿಲ್ಲ. ಮತದಾರರ ಕೈಗೆ ಖಾಲಿ ಚೀಟಿ ಕೊಡುತ್ತಾರೆ. ಮರೆಯಲ್ಲಿ ನಿಂತು, ಪೆನ್ಸಿಲ್‌ನಿಂದ, ತನಗೆ ಬೇಕಾದ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಕ್ಲಿಷ್ಟವಾದ ಚೀನೀ ಮೂಲದ ಅಕ್ಷರಗಳಲ್ಲಿ ಹೆಸರಿದ್ದರೆ ಜನ ತಪ್ಪುತ್ತಾರೆಂದು ಎಷ್ಟೋ ಅಭ್ಯರ್ಥಿಗಳು ಸುಲಭದ ಹಿರಗಾನ ಲಿಪಿಯಲ್ಲಿ ಹೆಸರು ಅಚ್ಚು ಹಾಕಿಸುತ್ತಾರೆ. ಅಜ್ಜನ ಕಾಲದಿಂದ ಬರೆದು ಬರೆದು ಕೈಗೆ ಬಂದ ಹೆಸರಿಗೂ ನಿನ್ನೆ ಪೋಸ್ಟರಿನಲ್ಲಿ ಕಂಡ ಹೆಸರಿಗೂ ಆ ಕ್ಷಣದಲ್ಲಿ ಎಷ್ಟು ಅಂತರ!

ಹೊಸಬನಿಗೆ ಹೆಸರು ಪರಿಚಯಿಸಲು ಸಮಯವಾದರೂ ಇದೆಯೇ? ಕೆಳಮನೆಯ ಚುನಾವಣೆಗೆ ಅಧಿಕೃತ ಪ್ರಚಾರದ ಅವಧಿ 12 ದಿನ. ಮನೆಮನೆಗೆ ಹೋಗಿ ಮತ ಕೇಳುವುದು ಕಾನೂನುಬಾಹಿರ. ಒಂದು ಕ್ಷೇತ್ರದಲ್ಲಿ ನಿಲ್ಲಲು 30 ಲಕ್ಷ ಯೆನ್ ಠೇವಣಿ ಇಡಬೇಕು. ಚಲಾವಣೆಯಾದ ಮತಗಳಲ್ಲಿ ಹತ್ತರಲ್ಲಿ ಒಂದು ಪಾಲು ಬಾರದಿದ್ದರೆ ಅದು ಹೋಯಿತು. ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟರೆ, ಈಗಾಗಲೇ ಪರಿಚಿತನಾದವನಿಗೆ ಹಾಸಿದ ರತ್ನಗಂಬಳಿಯಂತೆ ಕಾಣುತ್ತವೆ.

ಜಪಾನಿನ ರಾಜಕಾರಣಿಗಳು ಇದಕ್ಕೆ ಮೂರು ಪದ ಹೇಳುತ್ತಾರೆ: ಜಿಬಾನ್, ಕಾನ್‌ಬಾನ್, ಕಾಬಾನ್. ನೆಲ, ಬೋರ್ಡು, ಚೀಲ. ನೆಲ ಎಂದರೆ ಕ್ಷೇತ್ರದ ಸಂಘಟನೆ, ಬೋರ್ಡು ಎಂದರೆ ಹೆಸರು, ಚೀಲ ಎಂದರೆ ಹಣ. ನೆಲದ ಜೀವ ಇರುವುದು ‘ಕೋಯೆನ್‌ಕಾಯ್’ ಎಂಬ ಬೆಂಬಲಿಗರ ಸಂಘದಲ್ಲಿ. ಅದು ಪಕ್ಷಕ್ಕೆ ಸೇರಿದ್ದಲ್ಲ, ಆ ಒಬ್ಬ ವ್ಯಕ್ತಿಗೆ ಸೇರಿದ್ದು. ಅಂಗಡಿಯವರು, ಗುತ್ತಿಗೆದಾರರು, ಮಹಿಳಾ ಮಂಡಳಿಯವರು, ಊರಿನ ಹಿರಿಯರು ವರ್ಷಾನುಗಟ್ಟಲೆ ಒಬ್ಬ ಸಂಸದನ ಸುತ್ತ ಕಟ್ಟಿಕೊಂಡ ನಂಟಿನ ಬಲೆ ಅದು. ಸಂಸದ ನಿವೃತ್ತನಾದರೆ ಸಂಘ ಚೆದುರಬಾರದು. ಚೆದುರಿದರೆ ಅದರಲ್ಲಿದ್ದವರಿಗೆಲ್ಲ ನಷ್ಟ. ಹಾಗಾಗಿ ‘ಮಗನನ್ನು ಕೊಡಿ’ ಎಂದು ಎಷ್ಟೋ ಕಡೆ ಸಂಘವೇ ಕೇಳುತ್ತದೆ. ಮನೆ, ಹೊಲ ಮಗನಿಗೆ ಬಂದರೆ ಉತ್ತರಾಧಿಕಾರ ತೆರಿಗೆ ಕಟ್ಟಬೇಕು. ಅಪ್ಪನ ರಾಜಕೀಯ ನಿಧಿ ಸಂಘದಿಂದ ಸಂಘಕ್ಕೆ ದಾಟಿದರೆ ಆ ತೆರಿಗೆಯಿಲ್ಲ. 1994ರಲ್ಲಿ ಚುನಾವಣಾ ಪದ್ಧತಿ ಬದಲಿಸಿ ಒಂದು ಕ್ಷೇತ್ರಕ್ಕೆ ಒಬ್ಬನೇ ಸಂಸದ ಎಂದು ಮಾಡಿದಾಗ, ಇನ್ನು ವ್ಯಕ್ತಿಗಿಂತ ಪಕ್ಷ ಮುಖ್ಯವಾಗುತ್ತದೆ, ಈ ಸಂಘಗಳು ಸೊರಗುತ್ತವೆ ಎಂದುಕೊಂಡಿದ್ದರು. ಅವು ಉಳಿದುಕೊಂಡವು.

2008ರ ಸೆಪ್ಟೆಂಬರಿನಲ್ಲಿ ಜುನ್‌ಇಚಿರೊ ನಿವೃತ್ತಿ ಘೋಷಿಸಿ ಎರಡನೇ ಮಗನನ್ನು ಯೊಕೊಸುಕಾದ ಬೆಂಬಲಿಗರ ಮುಂದೆ ನಿಲ್ಲಿಸಿದರು. ಪಕ್ಷದ ಹಳೆಯ ಪದ್ಧತಿಗಳನ್ನು ಒಡೆಯುತ್ತೇನೆಂದು ಅಧಿಕಾರಕ್ಕೆ ಬಂದವರು ಅತ್ಯಂತ ಹಳೆಯ ಪದ್ಧತಿಯೊಂದನ್ನು ತಮ್ಮ ಮನೆಗಾಗಿ ಉಳಿಸಿಕೊಂಡರು. ಇದು ಅವರ ಸುಧಾರಣೆಯ ಮೇಲೆ ಉಳಿದ ಕಲೆ ಎಂದೇ ನಾನು ಭಾವಿಸುತ್ತೇನೆ. ಟೀಕೆ ಆಗಲೂ ಜೋರಾಗಿತ್ತು. ವಿರೋಧ ಪಕ್ಷವಾಗಿದ್ದ ಡೆಮಾಕ್ರಟಿಕ್ ಪಾರ್ಟಿ ವಂಶಪಾರಂಪರ್ಯ ಅಭ್ಯರ್ಥಿಗಳಿಗೆ ಟಿಕೆಟ್ ಕೊಡುವುದಿಲ್ಲವೆಂದು ಪ್ರಣಾಳಿಕೆಯಲ್ಲೇ ಬರೆಯಿತು. ಎಲ್‌ಡಿಪಿ ಕೂಡ ಅಂಥದೇ ಮಾತು ಕೊಟ್ಟಿತು, ಆದರೆ 2009ರ ಚುನಾವಣೆಗಲ್ಲ, ಅದರ ಮುಂದಿನ ಚುನಾವಣೆಯಿಂದ! 2009ರ ಆಗಸ್ಟ್‌ನಲ್ಲಿ ಎಲ್‌ಡಿಪಿ ದೇಶದಾದ್ಯಂತ ನೆಲಕಚ್ಚಿ 119 ಸ್ಥಾನಕ್ಕೆ ಇಳಿಯಿತು. ಯೊಕೊಸುಕಾ ಸೇರಿರುವ ಕನಗಾವಾ 11ನೇ ಕ್ಷೇತ್ರದಲ್ಲಿ ಮಾತ್ರ 28 ವರ್ಷದ ಶಿಂಜಿರೊ ಸುಮಾರು ಒಂದೂವರೆ ಲಕ್ಷ ಮತ ಪಡೆದು ಗೆದ್ದರು. 2012ರಲ್ಲಿ ಅವರ ಪಾಲು ಶೇ 80ರ ಹತ್ತಿರ, 2014ರಲ್ಲಿ ಶೇ 83.

ಮಾತು ಬಲ್ಲವನಿಗೆ ಮಾತೇ ತೊಡಕಾದಾಗ

ಶಿಂಜಿರೊ ಸೋಮಾರಿ ರಾಜಕುಮಾರ ಎಂದರೆ ಅನ್ಯಾಯವಾಗುತ್ತದೆ. ಊರಿನ ಕಡೆಯ ಕಾಂತೊ ಗಕುಯಿನ್ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ವಾಷಿಂಗ್ಟನ್ನಿನ ಚಿಂತನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ ಬಂದವರು. 2011ರ ಭೂಕಂಪ, ಸುನಾಮಿಯ ನಂತರ ಪಕ್ಷದ ಯುವ ಘಟಕದ ಮುಖ್ಯಸ್ಥರಾಗಿ ‘ಟೀಮ್-11’ ಎಂಬ ತಂಡ ಕಟ್ಟಿದರು. ಸುನಾಮಿ ಬಂದ 11ನೇ ತಾರೀಕನ್ನು ನೆನೆದು ಪ್ರತಿ ತಿಂಗಳ 11ರಂದು ಸಂತ್ರಸ್ತರ ಊರುಗಳಿಗೆ ಹೋಗುವ ತಂಡ. ಬೀದಿ ಭಾಷಣದಲ್ಲಿ ಅವರಿಗೆ ಸಾಟಿಯಾಗುವವರು ಪಕ್ಷದಲ್ಲಿ ಕಡಿಮೆ.

2019ರ ಸೆಪ್ಟೆಂಬರಿನಲ್ಲಿ 38ನೇ ವಯಸ್ಸಿಗೆ ಪರಿಸರ ಮಂತ್ರಿಯಾದರು. ಆ ತಿಂಗಳೇ ನ್ಯೂಯಾರ್ಕಿನಲ್ಲಿ, ಹವಾಮಾನದ ಹೋರಾಟ ಮಜವಾಗಿರಬೇಕು, ಕೂಲ್ ಆಗಿರಬೇಕು, ‘ಸೆಕ್ಸಿ’ ಆಗಿರಬೇಕು ಎಂದರು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬಗ್ಗೆ ಏನು ಮಾಡುತ್ತೀರಿ ಎಂದು ಕೇಳಿದಾಗ ಕಡಿಮೆ ಮಾಡುತ್ತೇವೆ ಎಂದಷ್ಟೇ ಹೇಳಿ, ಹೇಗೆ ಎಂಬ ಪ್ರಶ್ನೆಗೆ ತಡವರಿಸಿದರು. ಅವರ ಇನ್ನೊಂದು ಮಾತಂತೂ ಅವರನ್ನು ಇವತ್ತಿಗೂ ಬಿಟ್ಟಿಲ್ಲ. ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಈಗಿರುವಂತೆಯೇ ಇದ್ದರೆ ಆಗದು ಎಂದು ನನಗನಿಸುತ್ತದೆ. ಆದ್ದರಿಂದಲೇ ಜಪಾನ್ ಈಗಿರುವಂತೆಯೇ ಇದ್ದರೆ ಆಗದು ಎಂದುಕೊಂಡಿದ್ದೇನೆ.’ ಹೊರಟಲ್ಲಿಗೇ ಬಂದು ನಿಲ್ಲುವ ಇಂಥ ವಾಕ್ಯಗಳಿಗೆ ಜನ ‘ಶಿಂಜಿರೊ ವಾಕ್ಯ’ ಎಂದೇ ಹೆಸರಿಟ್ಟರು.

ಈ ಗೇಲಿಯ ಗದ್ದಲದಲ್ಲಿ ಕೆಲಸಗಳು ಮರೆಯಾದವು. ಹೊರದೇಶಗಳ ಕಲ್ಲಿದ್ದಲು ಸ್ಥಾವರಗಳಿಗೆ ಜಪಾನ್ ಸರ್ಕಾರ ಕೊಡುತ್ತಿದ್ದ ಬೆಂಬಲಕ್ಕೆ 2020ರಲ್ಲಿ ಬಿಗಿ ಷರತ್ತು ಬಂದದ್ದರ ಹಿಂದೆ ಅವರ ಒತ್ತಡವಿತ್ತು. ಅದೇ ವರ್ಷ ಜನವರಿಯಲ್ಲಿ ಮಗ ಹುಟ್ಟಿದಾಗ, ಮೂರು ತಿಂಗಳಲ್ಲಿ ಒಟ್ಟು ಎರಡು ವಾರದಷ್ಟು ಪಿತೃತ್ವ ರಜೆ ತೆಗೆದುಕೊಂಡ ಮೊದಲ ಸಂಪುಟ ಮಂತ್ರಿಯಾದರು. ಸಣ್ಣ ವಿಷಯ ಎನ್ನಬೇಡಿ. ಆ ಹೊತ್ತಿಗೆ ಜಪಾನಿನಲ್ಲಿ ಇಂಥ ರಜೆ ತೆಗೆದುಕೊಳ್ಳುತ್ತಿದ್ದ ಗಂಡಸರು ನೂರಕ್ಕೆ ಆರೋ ಏಳೋ ಮಂದಿ. 2024ರ ಆರ್ಥಿಕ ವರ್ಷದಲ್ಲಿ ನೂರಕ್ಕೆ 40 ದಾಟಿದೆ. ಬದಲಾವಣೆ ತಂದದ್ದು ಮುಖ್ಯವಾಗಿ 2022ರಲ್ಲಿ ಜಾರಿಯಾದ ತಿದ್ದುಪಡಿ ಕಾನೂನು. ಆದರೂ ಮಂತ್ರಿಯೊಬ್ಬ ಮನೆಯಲ್ಲಿ ಮಗುವಿನ ಬಟ್ಟೆ ಬದಲಿಸುವುದು ನಾಚಿಕೆಯ ವಿಷಯವಲ್ಲ ಎಂದು ತೋರಿಸಿದ್ದಕ್ಕೂ ಬೆಲೆಯಿದೆ.

ಐದು ಕಿಲೊ ಅಕ್ಕಿ

ಅವರ ರಾಜಕೀಯ ಜೀವನದ ಅತಿ ದೊಡ್ಡ ಪರೀಕ್ಷೆ ಬಂದದ್ದು ಅಕ್ಕಿಯ ರೂಪದಲ್ಲಿ. 2025ರ ಮೇ ತಿಂಗಳಲ್ಲಿ ಜಪಾನಿನ ಸೂಪರ್ ಮಾರ್ಕೆಟ್‌ಗಳಲ್ಲಿ ಐದು ಕಿಲೊ ಅಕ್ಕಿಯ ಸರಾಸರಿ ಬೆಲೆ 4,200 ಯೆನ್ ದಾಟಿತ್ತು, ಒಂದು ವರ್ಷದ ಹಿಂದಿನದರ ಎರಡರಷ್ಟು. ಆಗಿನ ಕೃಷಿ ಮಂತ್ರಿ ತಾಕು ಎತೊ, ತಾನು ಎಂದೂ ಅಕ್ಕಿ ಕೊಂಡದ್ದಿಲ್ಲ, ಬೆಂಬಲಿಗರೇ ಬೇಕಾದಷ್ಟು ತಂದುಕೊಡುತ್ತಾರೆ ಎಂದುಬಿಟ್ಟರು. ದಿನವೂ ಚೀಲದ ಬೆಲೆ ನೋಡಿ ವಾಪಸ್ಸಿಡುತ್ತಿದ್ದ ಜನ ಈ ಮಾತು ಸಹಿಸುವರೇ? ಎತೊ ರಾಜೀನಾಮೆ ಕೊಟ್ಟರು. ಮೇ 21ರಂದು ಆ ಕುರ್ಚಿಗೆ ಶಿಂಜಿರೊ ಬಂದರು.

ಸರ್ಕಾರದ ಗೋದಾಮಿನಲ್ಲಿ ಅಕ್ಕಿ ಇರಲಿಲ್ಲವೇ? ಇತ್ತು. 1993ರಲ್ಲಿ ಚಳಿಯ ಬೇಸಿಗೆಯಿಂದ ಬೆಳೆ ಕೆಟ್ಟು ಥಾಯ್ಲೆಂಡ್ ಮೊದಲಾದ ಕಡೆಯಿಂದ ಅಕ್ಕಿ ತರಿಸಬೇಕಾದ ನೆನಪಿನಲ್ಲಿ, ಅಕ್ಕಿಯ ದಾಸ್ತಾನು ಇಡುವ ಪದ್ಧತಿ 1995ರಲ್ಲಿ ಜಾರಿಯಾಗಿತ್ತು. 2025ರ ಮಾರ್ಚಿನಿಂದ ಆ ದಾಸ್ತಾನನ್ನು ಹರಾಜಿನಲ್ಲಿ ಬಿಟ್ಟೂ ಇದ್ದರು. ಹರಾಜಾದ ಅಕ್ಕಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕೃಷಿ ಸಹಕಾರ ಸಂಘಗಳ ಒಕ್ಕೂಟ ‘ಝೆನ್‌ನೋ’ ಕೈಗೆ ಹೋಯಿತು. ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದವು, ಬೆಲೆ ಮಾತ್ರ ಇಳಿಯಲಿಲ್ಲ.

ಶಿಂಜಿರೊ ಹರಾಜು ನಿಲ್ಲಿಸಿದರು. ಸರ್ಕಾರವೇ ಬೆಲೆ ಗೊತ್ತುಪಡಿಸಿ, ಮಧ್ಯದವರನ್ನೆಲ್ಲ ದಾಟಿ, ದೊಡ್ಡ ಚಿಲ್ಲರೆ ಮಾರಾಟಗಾರರಿಗೆ ನೇರವಾಗಿ ಮಾರಿತು. 2022 ಮತ್ತು 2021ರ ಸುಗ್ಗಿಯ ಮೂರು ಲಕ್ಷ ಟನ್ ಹಳೆ ಅಕ್ಕಿ. ಅಂಗಡಿಯಲ್ಲಿ ಐದು ಕಿಲೊಗೆ 2,000 ಯೆನ್ ಆಸುಪಾಸು ಬೀಳುವಂತೆ ಲೆಕ್ಕ. ಅಧಿಕಾರ ವಹಿಸಿದ ಹತ್ತೇ ದಿನಕ್ಕೆ, ಮೇ 31ರಂದು, ಮೊದಲ ಚೀಲಗಳು ಅಂಗಡಿಗೆ ಬಂದವು. ಕೊಳ್ಳಲು ಜನ ಸಾಲುಗಟ್ಟಿ ನಿಂತರು. ಜೂನ್ ಮಧ್ಯದ ಹೊತ್ತಿಗೆ ಸರಾಸರಿ ಬೆಲೆ 4,000 ಯೆನ್‌ಗಿಂತ ಕೆಳಗಿಳಿಯಿತು.

ಅಪ್ಪನ ಅಂಚೆ ಕಚೇರಿಯ ಕದನ ಇಲ್ಲಿ ನೆನಪಾಗದೆ ಇರದು. ಊರೂರಿನ ಪೋಸ್ಟ್ ಮಾಸ್ಟರ್‌ಗಳು ಎಲ್‌ಡಿಪಿಗೆ ಮತ ತಂದುಕೊಡುತ್ತಿದ್ದ ಕಾಲದಲ್ಲಿ ಜುನ್‌ಇಚಿರೊ ಅಂಚೆ ಖಾಸಗೀಕರಣವನ್ನು ಹಟ ಹಿಡಿದು ಸಾಧಿಸಿದರು. 2005ರಲ್ಲಿ ಸ್ವಪಕ್ಷದವರೇ ಮಸೂದೆ ಬೀಳಿಸಿದಾಗ ಸಂಸತ್ತಿನ ಕೆಳಮನೆಯನ್ನು ವಿಸರ್ಜಿಸಿ, ವಿರೋಧಿಸಿದ ಸ್ವಪಕ್ಷೀಯರ ಎದುರು ಬೇರೆ ಅಭ್ಯರ್ಥಿಗಳನ್ನು ನಿಲ್ಲಿಸಿ 296 ಸ್ಥಾನ ಗೆದ್ದರು. ಅವರ ಅಜ್ಜ ಮಂತ್ರಿಯಾಗಿ ನಡೆಸಿದ ಅಂಚೆ ಅದು! ಅಂಚೆಯವರಂತೆಯೇ ಪಕ್ಷದ ಇನ್ನೊಂದು ಮತದ ಕಣಜ ಕೃಷಿ ಸಹಕಾರ ಸಂಘಗಳು. ಶಿಂಜಿರೊ 2015ರಲ್ಲಿ ಪಕ್ಷದ ಕೃಷಿ ಸಮಿತಿಯ ಮುಖ್ಯಸ್ಥರಾದಾಗಲೇ ಅದಕ್ಕೆ ಕೈ ಹಾಕಿದ್ದರು. ಆಗ ವಿಷಯ ರಾಜಿಯಲ್ಲಿ ಮುಗಿಯಿತು. ಸುಧಾರಣೆಯನ್ನು ಒಕ್ಕೂಟವೇ ತನ್ನಷ್ಟಕ್ಕೆ ಮಾಡಿಕೊಳ್ಳಲಿ ಎಂದು ಬಿಟ್ಟರು. 2025ರಲ್ಲಿ ಎರಡನೇ ಅವಕಾಶ ಸಿಕ್ಕಿತ್ತು.

ಆದರೆ ಅಕ್ಕಿಯ ಸಮಸ್ಯೆ ಗೋದಾಮಿನಿಂದ ಚೀಲ ಹೊರಹಾಕಿದರೆ ತೀರುವಂಥದ್ದಲ್ಲ. 1970ರ ದಶಕದ ಆರಂಭದಿಂದ 2018ರವರೆಗೆ ಅಕ್ಕಿ ಕಡಿಮೆ ಬೆಳೆಯಿರಿ ಎಂದು ಸರ್ಕಾರವೇ ರೈತರಿಗೆ ಹೇಳುತ್ತ ಬಂದಿತ್ತು, ಬೆಲೆ ಬೀಳದಿರಲೆಂದು. 2024ರಲ್ಲಿ ಪೂರ್ಣಾವಧಿ ರೈತರ ಸರಾಸರಿ ವಯಸ್ಸು 69ರ ಆಸುಪಾಸು ಇತ್ತು. ಬೆಲೆ ಇಳಿಸಿದರೆ ಪೇಟೆಯವರಿಗೆ ಸಂತೋಷ. ಗೊಬ್ಬರ, ಡೀಸೆಲ್ ಬೆಲೆಯಲ್ಲಿ ಬೇಯುತ್ತಿರುವ ಗದ್ದೆಯವನಿಗೆ ಏನು ಉಳಿಯಬೇಕು? 2025ರ ಆಗಸ್ಟ್‌ನಲ್ಲಿ ಆಗಿನ ಪ್ರಧಾನಿ ಶಿಗೆರು ಇಶಿಬಾ ಅವರ ಸರ್ಕಾರ ಉತ್ಪಾದನೆಯೇ ಸಾಲದಾಗಿತ್ತು ಎಂದು ಒಪ್ಪಿ, ಇನ್ನು ಹೆಚ್ಚು ಬೆಳೆಯೋಣ ಎಂದಿತು. ಶಿಂಜಿರೊ ಆ ಖಾತೆಯಲ್ಲಿ ಇದ್ದದ್ದು ಐದು ತಿಂಗಳು. ಅವರ ನಂತರ ಬಂದ ಮಂತ್ರಿ, ಬೇಡಿಕೆಯಿದ್ದಷ್ಟೇ ಬೆಳೆಯಬೇಕು ಎಂಬ ಹಳೆಯ ಮಾತಿಗೆ ಮರಳಿದರು. ಹೊಸ ಅಕ್ಕಿ ಬಂದ ಆ ಶರತ್ಕಾಲದಲ್ಲಿ ಬೆಲೆ ಮತ್ತೆ 4,200 ಮುಟ್ಟಿತು.

ತನ್ನ ಬಣ್ಣ ತಾನೇ ಮರೆಸಿದ ಅಭ್ಯರ್ಥಿ

ಜುಲೈನಲ್ಲಿ ಮೇಲ್ಮನೆ ಚುನಾವಣೆ ಸೋತು, ಸೆಪ್ಟೆಂಬರ್ 7ರಂದು ಶಿಗೆರು ಇಶಿಬಾ ರಾಜೀನಾಮೆ ಘೋಷಿಸಿದಾಗ ಅಕ್ಕಿ ಮಂತ್ರಿಯೇ ಮುಂದಿನ ಪ್ರಧಾನಿ ಎಂದು ಬಹಳ ಮಂದಿ ನಂಬಿದ್ದರು. ಇಲ್ಲಿಂದ ಮುಂದೆ ನಡೆದದ್ದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಒಂದು ವರ್ಷ ಮೊದಲು, 2024ರ ಅಧ್ಯಕ್ಷ ಚುನಾವಣೆಯಲ್ಲಿ, ಒಂಬತ್ತು ಅಭ್ಯರ್ಥಿಗಳ ನಡುವೆ ಅವರು 136 ಮತದೊಂದಿಗೆ ಮೂರನೆಯವರಾಗಿದ್ದರು. ಆಗ ಅವರ ಬಳಿ ಒಂದು ಸ್ಪಷ್ಟ ಮಾತಿತ್ತು. ಜಪಾನಿನ ಕಾನೂನಿನಂತೆ ಮದುವೆಯಾದ ಗಂಡಹೆಂಡಿರಿಗೆ ಒಂದೇ ಮನೆ ಹೆಸರಿರಬೇಕು. ನೂರರಲ್ಲಿ ಸುಮಾರು 95 ಸಲ ಹೆಸರು ಬಿಡುವವಳು ಹೆಂಡತಿ. ಬೇಕಾದವರು ತಮ್ಮ ತಮ್ಮ ಹೆಸರು ಉಳಿಸಿಕೊಳ್ಳಲು ಬಿಡುವ ಮಸೂದೆ ತರುತ್ತೇನೆ ಎಂದು ಶಿಂಜಿರೊ ಹೇಳಿದ್ದರು. ಉಮೇದುವಾರಿಕೆ ಘೋಷಿಸಿದ ದಿನ ತನ್ನ ಮನೆಯ ಕಥೆಯನ್ನೂ ಬಿಚ್ಚಿಟ್ಟು, ಹೆತ್ತ ತಾಯಿಯನ್ನು ಮೊದಲ ಸಲ ಕಂಡದ್ದು ಇದೇ ವರ್ಷ ಎಂದರು. ಕೊಯಿಜುಮಿ ಎಂಬ ಹೆಸರು ಉಳಿದದ್ದೇ ಮನೆ ಅಳಿಯನಾಗಿ ಬಂದ ಅಜ್ಜ ತನ್ನ ಹೆಸರು ಬಿಟ್ಟದ್ದರಿಂದ. ಹೆಸರಿನ ಬಗ್ಗೆ ಮಾತಾಡುವ ಹಕ್ಕು ಅವರಿಗಿಂತ ಯಾರಿಗಿತ್ತು?

2025ರಲ್ಲಿ ಆ ಮಾತು ಮಾಯ. ಪಕ್ಷದ ಬಲಪಂಥದವರು ಮುನಿಸಿಕೊಳ್ಳಬಾರದು, ಹಿರಿಯರ ಬಣಗಳು ಬೇಸರಗೊಳ್ಳಬಾರದು. ಒಗ್ಗಟ್ಟು, ಒಗ್ಗಟ್ಟು ಎಂಬ ಜಪ. ಚರ್ಚೆಗಳಲ್ಲಿ ಮುಂದಿಟ್ಟ ಹಾಳೆ ನೋಡಿ ಮಾತಾಡಿದರು. ಬೀದಿ ಭಾಷಣದ ಹುರಿಯಾಳು ಹಾಳೆ ಓದುವುದನ್ನು ಪಕ್ಷದ ಸದಸ್ಯರು ಟಿವಿಯಲ್ಲಿ ನೋಡಿದರು. ಸಾಲದ್ದಕ್ಕೆ, ನೇರ ಪ್ರಸಾರದ ಜಾಲತಾಣದಲ್ಲಿ ಅವರನ್ನು ಹೊಗಳಿ ಬರೆಯಿರೆಂದು ಮಾದರಿ ಒಕ್ಕಣೆಗಳನ್ನೇ ಅವರ ಪ್ರಚಾರ ತಂಡದವರು ಹಂಚಿದ್ದು ಬಯಲಾಯಿತು. ಅವರು ಕ್ಷಮೆ ಕೇಳಿದರು. ತಕಾಯಿಚಿ ಅವರ ನಿಲುವುಗಳನ್ನು ಒಪ್ಪದವರಿಗೂ ಅವು ಏನೆಂದು ಗೊತ್ತಿತ್ತು. ಶಿಂಜಿರೊ ಯಾವುದಕ್ಕಾಗಿ ನಿಂತಿದ್ದಾರೆ ಎಂದು ಕೇಳಿದ್ದರೆ ಅವರ ಬೆಂಬಲಿಗರೂ ಯೋಚಿಸಬೇಕಾಗಿತ್ತು.

ಅಪ್ಪನನ್ನು 1998ರಲ್ಲಿ ಸಹೋದ್ಯೋಗಿ ಮಕಿಕೊ ತನಕಾ ‘ಹೆನ್‌ಜಿನ್’ ಎಂದು ಕರೆದಿದ್ದರು, ವಿಚಿತ್ರ ಮನುಷ್ಯ ಎಂದು. ಸಂಸದನಾದಂದಿನಿಂದ ಪ್ರಧಾನಿಯಾಗುವವರೆಗೆ 28 ವರ್ಷ, ಎರಡು ಸೋಲು, ಯಾರೂ ಕೇಳದಿದ್ದಾಗಲೂ ಹೇಳುತ್ತಲೇ ಇದ್ದ ಅಂಚೆಯ ಒಂದು ಮಾತು: ಇವು ಕೂಡಿ ಆ ಮನುಷ್ಯನನ್ನು ಮಾಡಿದ್ದವು. ಕೋಯೆನ್‌ಕಾಯ್ ಕೈಬದಲಾಗುತ್ತದೆ, ಬೋರ್ಡು ಕೈಬದಲಾಗುತ್ತದೆ. ಸೋತು ಗಳಿಸಿದ ಹಟವನ್ನು ಮಗನ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಶೇ 80 ಮತ ಬರುತ್ತಿದ್ದ ಕ್ಷೇತ್ರದಲ್ಲಿ, ತನ್ನನ್ನು ಒಪ್ಪದವರನ್ನು ಒಪ್ಪಿಸುವ ಅಭ್ಯಾಸವಾದರೂ ಎಲ್ಲಿಂದ ಬರಬೇಕು? 9 ಲಕ್ಷ ಸದಸ್ಯರ ಮುಂದೆ ನಿಂತಾಗ ಬೇಕಾಗಿದ್ದದ್ದು ಅದೇ.

ಇದರಲ್ಲಿ ನಷ್ಟ ಅವರೊಬ್ಬರದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯೊಕೊಸುಕಾದಲ್ಲಿ ಹುಟ್ಟಿದ, ಬುದ್ಧಿಯಿರುವ, ರಾಜಕೀಯದ ಕನಸಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಆಕೆಯ ಮುಂದೆ 12 ದಿನದ ಪ್ರಚಾರ, 30 ಲಕ್ಷದ ಠೇವಣಿ, ಮತ್ತು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಊರಿನವರ ಬಾಯಲ್ಲಿರುವ ಒಂದು ಹೆಸರು. ಕೂಲಿಕಾರರಿಗೂ ಮತ ಬೇಕೆಂದು ಕೇಳಿದ ಮತಾಜಿರೊ ಇವತ್ತು ಹೊಸಬರಾಗಿ ನಿಂತರೆ, ತಮ್ಮದೇ ಮನೆಯವರ ಎದುರು ಠೇವಣಿ ಉಳಿಸಿಕೊಳ್ಳುತ್ತಿದ್ದರೇ?

ತಕಾಯಿಚಿ ಅಕ್ಟೋಬರ್ 21ರಂದು ಸಂಪುಟ ರಚಿಸಿ ಶಿಂಜಿರೊಗೆ ರಕ್ಷಣಾ ಖಾತೆ ಕೊಟ್ಟರು. 61 ವರ್ಷ ಹಿಂದೆ ಅಜ್ಜ ಜುನ್ಯಾ ಹೊತ್ತಿದ್ದ ಹೊಣೆ. ಹುಟ್ಟೂರಿನ ಬಂದರಿನಲ್ಲಿ ಅಮೆರಿಕದ ಏಳನೇ ನೌಕಾದಳವೂ ಜಪಾನಿನ ಸ್ವಂತ ಹಡಗುಗಳೂ ಲಂಗರು ಹಾಕಿರುವುದನ್ನು ನೋಡುತ್ತ ಬೆಳೆದವರಿಗೆ ಈ ವಿಷಯ ಹೊಸದಲ್ಲ. ಡಿಸೆಂಬರ್ 6ರಂದು ಓಕಿನಾವಾದ ಆಗ್ನೇಯದ ಆಕಾಶದಲ್ಲಿ ಚೀನಾದ ಯುದ್ಧವಿಮಾನಗಳು ಜಪಾನಿನ ಎಫ್-15ಗಳ ಮೇಲೆ ರಾಡಾರ್ ಗುರಿ ಹಿಡಿದವು ಎಂಬ ಸುದ್ದಿಯನ್ನು ಮರುದಿನ ನಸುಕಿನಲ್ಲಿ ಪತ್ರಕರ್ತರ ಮುಂದೆ ಹೇಳಿದವರು ಅವರೇ. ಇಂಥ ಖಾತೆಯಲ್ಲಿ ಹೊರಟಲ್ಲಿಗೇ ಬಂದು ನಿಲ್ಲುವ ವಾಕ್ಯಗಳಿಗೆ ಜಾಗವಿಲ್ಲ; ಪ್ರತಿ ಪದವನ್ನೂ ಬೀಜಿಂಗ್ ಮತ್ತು ವಾಷಿಂಗ್ಟನ್ ತೂಗಿ ನೋಡುತ್ತವೆ.

ಪಕ್ಷದ ಅಧ್ಯಕ್ಷ ಹುದ್ದೆಯ ಈಗಿನ ಅವಧಿ 2027ರ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಆಗ ಶಿಂಜಿರೊಗೆ 46 ವರ್ಷ; ಅಪ್ಪ ಮೊದಲ ಸಲ ಸ್ಪರ್ಧಿಸಿ ಸೋತಾಗ ಅವರಿಗೆ 53. ಅವರನ್ನು ಬಿಟ್ಟು ತಕಾಯಿಚಿಯನ್ನು ಆರಿಸಿದ ಆ 36 ಪ್ರಾಂತ್ಯಗಳಿಗೆ ಅವರು ಮತ್ತೆ ಹೋಗಲೇಬೇಕು, ಈ ಸಲ ಕೈಯಲ್ಲಿ ಹಾಳೆಯಿಲ್ಲದೆ.